ಪಿಸ್ತೂಲಿನ ಒರೆಗೆ ಯಾವ ಚರ್ಮ?

1876ರ ಜನವರಿಯ ಒಂದು ರಾತ್ರಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾ ಪಟ್ಟಣದ ಪಾನಗೃಹವೊಂದರ ಹಿಂದಿನ ಕೋಣೆಯಲ್ಲಿ ಪೊಲೀಸನಾಗಿದ್ದ ವಯಾಟ್ ಅರ್ಪ್ ಕುಳಿತಿದ್ದ. ಇದ್ದಕ್ಕಿದ್ದಂತೆ ಸೊಂಟದ ಒರೆಯಿಂದ ಅವನ ರಿವಾಲ್ವರ್ ಜಾರಿತು. ಹ್ಯಾಮರ್ ಕುರ್ಚಿಗೆ ಬಡಿದು ಗುಂಡು ಹಾರಿತು. ಅದು ಅವನ ಕೋಟನ್ನು ತೂರಿ, ಗೋಡೆಗೆ ತಗುಲಿ, ಚಾವಣಿಯನ್ನು ಹೊಕ್ಕಿತೆಂದು ಊರಿನ ಪತ್ರಿಕೆ ಬರೆಯಿತು. ಹ್ಯಾಮರ್ ತುಂಬಿದ ಗುಂಡಿನ ಮೇಲೆಯೇ ಕುಳಿತಿದ್ದುದು ಅವನ ತಪ್ಪು. ಆದರೆ ಒರೆ ಬಿಗಿಯಾಗಿದ್ದರೆ ರಿವಾಲ್ವರ್ ಜಾರುತ್ತಲೇ ಇರಲಿಲ್ಲ.

ಮೊದಲು ಪಿಸ್ತೂಲಿನ ಸ್ಥಾನ ಸೊಂಟವಲ್ಲ, ಕುದುರೆಯ ಜೀನು. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ರಿವಾಲ್ವರಿಗೆ ಪೇಟೆಂಟ್ ಪಡೆದ. 1849ರ ಚಿನ್ನದ ಬೇಟೆಗೆ ಜನ ಕ್ಯಾಲಿಫೋರ್ನಿಯಾಕ್ಕೆ ಮುಗಿಬಿದ್ದ ಕಾಲಕ್ಕೆ ಅದು ಸೊಂಟಕ್ಕೆ ಏರತೊಡಗಿತ್ತು. ಒರೆ ಹೊಲಿದುಕೊಟ್ಟವರು ಜೀನುಗಾರರೇ. ಅವರ ಅಂಗಡಿಯಲ್ಲಿ ಜೀನಿನ ದಪ್ಪ ಚರ್ಮದ ತುಂಡುಗಳಿಗೆ ಬರವೇ? ಕಾಸಿಲ್ಲದವರು ಹಳೆಯ ಬೂಟಿನ ಮೇಲ್ಭಾಗ ಕತ್ತರಿಸಿ ಮನೆಯಲ್ಲೇ ಹೊಲಿದುಕೊಂಡದ್ದೂ ಉಂಟು.

ಜೀನಿನ ಚರ್ಮ ಮರದ ತೊಗಟೆಯಿಂದ ಹದವಾದದ್ದು. ಓಕ್ ಅಥವಾ ಹೆಮ್ಲಾಕ್ ತೊಗಟೆಯಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಹಸಿ ತೊಗಲಿನ ನಾರುಗಳಿಗೆ ಅಂಟಿಕೊಂಡು ಅದನ್ನು ಕೊಳೆಯದಂತೆ ಕಾಪಾಡುತ್ತದೆ. ತೊಗಲು ತಿಂಗಳುಗಟ್ಟಲೆ ಗುಂಡಿಯಲ್ಲಿ ನೆನೆಯಬೇಕಾಗಿತ್ತು. ಈ ಚರ್ಮದ ಸ್ವಭಾವ ವಿಚಿತ್ರ. ನೀರು ಕುಡಿದರೆ ನಾದಿದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಆಗ ಎಣ್ಣೆ ಸವರಿ ಕಾಗದ ಸುತ್ತಿದ ಪಿಸ್ತೂಲನ್ನು ಒಳಗಿಟ್ಟು, ಬೆರಳಿನಿಂದ ಒತ್ತಿ, ತೆಗೆದು ಒಣಗಿಸಿದರೆ ಪಿಸ್ತೂಲಿನ ಅಚ್ಚು ಹಾಗೆಯೇ ನಿಲ್ಲುತ್ತದೆ. ಒರೆ ಪಿಸ್ತೂಲನ್ನು ಹಿಡಿದುಕೊಳ್ಳುವುದು ಪಟ್ಟಿ, ಗುಂಡಿಗಳಿಂದಲ್ಲ, ಈ ಆಕಾರದಿಂದ.

ಇಲ್ಲಿಯೂ ಎಲ್ಲ ತುಂಡೂ ಒಂದೇ ಅಲ್ಲ. ಹೊಟ್ಟೆಯ ಭಾಗ ಹಿಗ್ಗುತ್ತದೆ, ಬೆನ್ನಿನದು ಗಟ್ಟಿ. ಅಮೆರಿಕದವರು ಚರ್ಮದ ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಎಂದರೆ ಅಂಗುಲದ 64ನೇ ಒಂದು ಪಾಲು. ಒರೆಗೆ 7ರಿಂದ 9 ಔನ್ಸ್, ಅಂದರೆ ಸುಮಾರು 3 ಮಿಲಿಮೀಟರ್ ಬೇಕು. ಜಿಂಕೆಯ ಚರ್ಮ ಕೈಗೆ ಹಿತ, ಒರೆಗೆ ಅಪಾಯ. ಮೆತ್ತನೆಯ ಚರ್ಮದ ಬಾಯಿ ಮಡಚಿಕೊಂಡು ಟ್ರಿಗರ್ ಬಳಿ ಸಿಕ್ಕಿದರೆ, ಪಿಸ್ತೂಲನ್ನು ಒರೆಗೆ ತುರುಕುವಾಗಲೇ ಗುಂಡು ತೊಡೆ ಸೇರಬಹುದು.

1884ರಲ್ಲಿ ನ್ಯೂಯಾರ್ಕಿನ ಆಗಸ್ಟಸ್ ಶುಲ್ಟ್ಸ್ ಕ್ರೋಮ್ ಲವಣದಿಂದ ಚರ್ಮ ಹದಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ತಿಂಗಳುಗಳ ಕೆಲಸ ದಿನಗಳಿಗಿಳಿಯಿತು. ಬೂಟು, ಚೀಲಗಳೆಲ್ಲ ಕ್ರೋಮಿನ ಪಾಲಾದವು. ಒರೆ ಮಾತ್ರ ಒಲಿಯಲಿಲ್ಲ. ಕ್ರೋಮ್ ಚರ್ಮಕ್ಕೆ ಅಚ್ಚು ನಿಲ್ಲುವುದಿಲ್ಲ. ಜೊತೆಗೆ ಅದರಲ್ಲಿ ಉಳಿದ ಲವಣಗಳು ತೇವವನ್ನು ಎಳೆದು ಉಕ್ಕಿಗೆ ತುಕ್ಕು ಹಿಡಿಸುತ್ತವೆ. ತೊಗಟೆಯ ಚರ್ಮವೇನೂ ನಿರಪರಾಧಿಯಲ್ಲವೆನ್ನಿ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿದ ಹಿತ್ತಾಳೆಯ ತೋಟಾಗಳು ಹಸಿರು ಕಿಲುಬು ಹಿಡಿದು ಅಂಟಿಕೊಳ್ಳುತ್ತಿದ್ದವು. ಅದಕ್ಕಾಗಿಯೇ ಸೇನಾಧಿಕಾರಿ ಆನ್ಸನ್ ಮಿಲ್ಸ್ ನೇಯ್ದ ಬಟ್ಟೆಯ ಪಟ್ಟಿಯನ್ನು ರೂಪಿಸಿದ. ಇಂದಿಗೂ ಬಲ್ಲವರು ಪಿಸ್ತೂಲನ್ನು ಒರೆಯಲ್ಲಿಟ್ಟು ಬೀರುವಿಗೆ ಸೇರಿಸುವುದಿಲ್ಲ.

ಒರೆಗೆ ಒಲ್ಲದ ಗುಣವೇ ಬೇರೆಡೆ ವರವಾದ ಕಥೆ ನಮ್ಮ ದಕ್ಷಿಣದಲ್ಲಿದೆ. ಇಲ್ಲಿ ಚರ್ಮ ಹದಮಾಡುತ್ತಿದ್ದವರ ಆಸರೆ ತಂಗಡಿ ಗಿಡದ ತೊಗಟೆ. ಆ ಚರ್ಮ ಮದರಾಸಿನಿಂದ ಇಂಗ್ಲೆಂಡಿಗೆ ಹಡಗೇರುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದರಾಸಿನಲ್ಲಿ ಕ್ರೋಮ್ ಹದವನ್ನು ಪ್ರಚಾರ ಮಾಡಿದರು. 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದವರೂ ಇವರೇ. ಕ್ರೋಮ್ ಚರ್ಮ ಅವರಿಗೆ ಬೇಕಾದದ್ದು ಕಪಿಲೆ ಬಾವಿಯ ನೀರೆತ್ತುವ ಚೀಲಕ್ಕೂ. ದಿನವಿಡೀ ನೆನೆದರೂ ಅದು ಮೆತ್ತಗಾಗುವುದಿಲ್ಲವಲ್ಲ!

ಮನೆಯಲ್ಲೇ ಒರೆ ಹೊಲಿಯುವ ಹವ್ಯಾಸಿಗಳು ಅಮೆರಿಕದಲ್ಲಿ ಈಗಲೂ ಇದ್ದಾರೆ. ಅವರಿಗೆ ತೊಗಟೆಯ ಚರ್ಮ ಒದಗಿಸುವ ಸೇಂಟ್ ಲೂಯಿಸ್‌ನ ಹರ್ಮನ್ ಓಕ್ ಸಂಸ್ಥೆ 1881ರಷ್ಟು ಹಳೆಯದು. ಚರ್ಮದ ಗುರುತು ಹಿಡಿಯುವುದು ಕಷ್ಟವಲ್ಲ. ಅಂಚು ಕತ್ತರಿಸಿದಾಗ ಒಳಗೆ ನೀಲಿ ಬೂದು ಕಂಡರೆ ಸಾಮಾನ್ಯವಾಗಿ ಕ್ರೋಮ್. ತೊಗಟೆಯದಾದರೆ ಒಳಗೂ ಕಂದು. ಒಂದು ಹನಿ ನೀರು ಬಿಟ್ಟರೆ ಹೀರಿಕೊಂಡು ಕಪ್ಪಗಾಗುತ್ತದೆ.