ಉತಾರದಿಂದ ವರ್ದಿಗೆ: ಪರಸ್ಪರ ಜೋಡಣೆಗೊಂಡ ದಾಖಲೆಗಳಲ್ಲಿ ಶೋಧನೆಯ ಸಮಸ್ಯೆ

ಬಸವನ ಬಾಗೇವಾಡಿ ಸೀಮೆಯ ಮಸೂತಿಯಂಥ ಊರಿನಲ್ಲಿ ರೈತನು ತನ್ನ ಹೊಲದ ಪಹಣಿಯನ್ನು ಇಂದಿಗೂ ಉತಾರವೆಂದೇ ಕರೆಯುತ್ತಾನೆ. ಮುಂಬಯಿ ಪ್ರಾಂತದ ಕಂದಾಯ ಪದ್ಧತಿಯಿಂದ ಉಳಿದುಬಂದ ಈ ಶಬ್ದದಲ್ಲಿ, ಬೇರೊಂದು ಮೂಲಪುಸ್ತಕದಿಂದ ಇಳಿಸಿಕೊಂಡ ನಕಲು ಎಂಬ ಅರ್ಥವು ಅಡಗಿದೆ. ಉತಾರವು ಏಕಾಕಿಯಾದ ದಾಖಲೆಯಲ್ಲ ಎಂಬುದನ್ನು ಹಳಬರು ಈ ಮಾತಿನಲ್ಲಿಯೇ ಒಪ್ಪಿಕೊಂಡಿದ್ದರೆನ್ನಬಹುದು. ಅದರ 9ನೆಯ ಅಂಕಣದ ಸ್ವಾಧೀನದಾರನ ಹೆಸರು ಯಾವುದೋ ಒಂದು ವರ್ದಿಯ, ಎಂದರೆ ಹಕ್ಕು ಬದಲಾವಣೆಯ ವರದಿಯ, ಫಲ. 11ನೆಯ ಅಂಕಣದ ಬೋಜಾ ಎಂಬ ಋಣಭಾರವು ಯಾವುದೋ ಒಂದು ಸಾಲದ ನೆರಳು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 128 ಮತ್ತು 129ನೆಯ ಕಲಮುಗಳು ಹಕ್ಕು ಬದಲಾವಣೆಯ ವರದಿಯನ್ನೂ ಅದರ ನೋಂದಣಿಯನ್ನೂ ವಿಧಿಸಿ, ಈ ಸಂಬಂಧವನ್ನು ಶಾಸನಬದ್ಧಗೊಳಿಸಿವೆ.

ಭೂಮಿ ಎಂಬ ತಂತ್ರಾಂಶವು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ್ದು ಈ ಶತಮಾನದ ಆರಂಭದ ಮಹತ್ಕಾರ್ಯ. ಆದೊಡೆ ಅದರ ಶೋಧನೆಯ ಮುಖ್ಯದ್ವಾರವು ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನೋಕ್, ಹಿಸ್ಸಾ ಎಂದು ಮೆಟ್ಟಿಲಿಳಿಯುವ ದಾರಿಯೇ ಆಗಿದೆ. ಹೊಲದ ವಿಳಾಸ ಬಲ್ಲವನಿಗೆ ಇದು ಸಾಕು. ಬಾಗೇವಾಡಿಯಿಂದ ಕೊಲ್ಹಾರ, ನಿಡಗುಂದಿಗಳು ಬೇರೆ ತಾಲೂಕುಗಳಾಗಿ ಒಡೆದ ಮೇಲೆ, ಹಳೆಯ ಕಾಗದವನ್ನು ಹಿಡಿದು ಬಂದವನು ಎರಡನೆಯ ಮೆಟ್ಟಿಲಿನಲ್ಲಿಯೇ ಎಡವುವ ಸಂಭವವುಂಟು.

ನಿಜವಾದ ಕಾಠಿಣ್ಯವಿರುವುದು ಸಂಬಂಧಗಳನ್ನು ಹಾದುಹೋಗುವ ಪ್ರಶ್ನೆಗಳಲ್ಲಿ. ಮುಳವಾಡ ಏತ ನೀರಾವರಿಯ ಜಾಕ್‌ವೆಲ್ ಇರುವ ಈ ನೆಲದಲ್ಲಿ ಕಾಲುವೆಗಾಗಿ ಹೊಲದ ಒಂದು ಪಟ್ಟಿಯನ್ನು ಸರಕಾರವು ವಶಪಡಿಸಿಕೊಳ್ಳುವಾಗ, ಪರಿಹಾರ ಹಂಚುವ ಅಧಿಕಾರಿಯು 'ವಾರಸಾ ವರ್ದಿಯಾಗಿ, ಆ ವರ್ದಿಯು ಇನ್ನೂ ಮಂಜೂರಾಗದ ಉತಾರಗಳಾವುವು?' ಎಂದು ಕೇಳಿದನೆಂದಿಟ್ಟುಕೊಳ್ಳೋಣ. ಇಲ್ಲಿ 'ಆ' ಎಂಬ ಒಂದಕ್ಷರವೇ ಪ್ರಾಣ. ತಂತ್ರಾಂಶವು ವಾರಸಾ ಎಂಬ ನಿಬಂಧನೆಯನ್ನು ಒಮ್ಮೆಯೂ ಬಾಕಿ ಎಂಬುದನ್ನು ಇನ್ನೊಮ್ಮೆಯೂ ಪ್ರತ್ಯೇಕವಾಗಿ ಪರೀಕ್ಷಿಸಿದರೆ, ಇಪ್ಪತ್ತು ವರ್ಷಗಳ ಹಿಂದೆಯೇ ವಾರಸಾ ಮಂಜೂರಾಗಿದ್ದು ಇಂದು ಕೇವಲ ಬೋಜಾ ಇಳಿಸುವ ವರ್ದಿ ಬಾಕಿಯಿರುವ ಹೊಲವೂ ಪಟ್ಟಿಯಲ್ಲಿ ನುಸುಳುತ್ತದೆ. ಎರಡು ನಿಬಂಧನೆಗಳೂ ಒಂದೇ ವರ್ದಿಗೆ ಸಲ್ಲಬೇಕೆಂಬುದನ್ನು ಸೂಚಿಸಲು ಪರದೆಯ ಮೇಲೆ ಒಂದು ಆವರಣವಿರಬೇಕು. ಅದಿಲ್ಲದ ಉನ್ನತ ಶೋಧನೆಗೆ ಆ ಹೆಸರು ಅತಿಶಯೋಕ್ತಿಯೇ ಸರಿ.

ಪ್ರಶ್ನೆಯಲ್ಲಿ 'ಇಲ್ಲ' ಎಂಬ ನಿಷೇಧವು ಇದಕ್ಕಿಂತಲೂ ವಂಚಕ. 'ಸಹಕಾರಿ ಸೊಸೈಟಿಯ ಬೋಜಾ ಇಲ್ಲದ ಹೊಲ' ಎಂಬುದನ್ನು 'ಸೊಸೈಟಿಯದಲ್ಲದ ಬೋಜಾ ಉಳ್ಳ ಹೊಲ' ಎಂದು ಯಂತ್ರವು ಗ್ರಹಿಸಿದರೆ, ಸೊಸೈಟಿಯ ಸಾಲದೊಡನೆ ಬ್ಯಾಂಕಿನ ಸಾಲವನ್ನೂ ಹೊತ್ತ ಹೊಲವು ಶುದ್ಧವೆಂದು ತೋರುತ್ತದೆ, ಯಾವ ಸಾಲವನ್ನೂ ಅರಿಯದ ಹೊಲವು ಪಟ್ಟಿಯಿಂದಲೇ ಮಾಯವಾಗುತ್ತದೆ. ಎರಡು ಕೋಷ್ಟಕಗಳನ್ನು ಜೋಡಿಸುವಾಗ ಜೊತೆಯಿಲ್ಲದ ಸಾಲು ಬಿದ್ದುಹೋಗುವುದೇ ಈ ಎರಡನೆಯ ತಪ್ಪಿಗೆ ಕಾರಣ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಸಂಬಂಧಾತ್ಮಕ ದತ್ತಾಂಶದ ಸಿದ್ಧಾಂತವನ್ನು ಪ್ರಕಟಿಸಿದ ಮೇಲೆ ವಿದ್ವಾಂಸರಿಗೆ ಇದು ರಹಸ್ಯವಾಗಿ ಉಳಿದಿಲ್ಲ. ಕಚೇರಿಯ ಪರದೆಗೆ ಮಾತ್ರ ಆ ಜ್ಞಾನವು ಪೂರ್ಣವಾಗಿ ಇಳಿದುಬಂದಿಲ್ಲ.

ಇನ್ನು ಹೆಸರಿನ ವಿಷಯ. ಬಸವಣ್ಣನವರು ಹುಟ್ಟಿದ ಸೀಮೆಯಲ್ಲಿ ಮನೆಮನೆಗೂ ಬಸಪ್ಪ, ಬಸವರಾಜ, ಬಸವಣ್ಣೆಪ್ಪರಿರುವುದು ಭಕ್ತಿಗೆ ಭೂಷಣ, ಶೋಧನೆಗೆ ಸಂಕಟ. ಒಬ್ಬನೇ ಮನುಷ್ಯನು ಒಂದು ಉತಾರದಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸಪ್ಪಾ ಆಗಿರುವುದೂ ಅಪೂರ್ವವಲ್ಲ. ಹ್ರಸ್ವದೀರ್ಘಗಳ ಭೇದವನ್ನು ಕಡೆಗಣಿಸಿ ಹುಡುಕುವುದು ಸುಲಭವೇ. ಆದರೆ ಹಾಗೆ ದೊರೆತ ಹತ್ತಾರು ಬಸಪ್ಪಂದಿರನ್ನು ತಂದೆಯ ಹೆಸರು, ಅಡ್ಡಹೆಸರು, ವಾಟ್ನಿಯ, ಎಂದರೆ ಪಾಲಿನ, ವರ್ದಿಯಲ್ಲಿ ಕಾಣುವ ಅಣ್ಣತಮ್ಮಂದಿರ ಹೆಸರುಗಳು ಇವುಗಳ ಮೂಲಕವೇ ಬೇರ್ಪಡಿಸಬೇಕು. ನನ್ನ ಅಭಿಪ್ರಾಯದಲ್ಲಿ ಇಂಥ ಸಡಿಲತೆಯು ಹುಡುಕಾಟಕ್ಕೆ ಮಾತ್ರ ಸೀಮಿತವಾಗಿರತಕ್ಕದ್ದು, ಮೂಲದಾಖಲೆಯ ಒಂದು ದೀರ್ಘವನ್ನೂ ಯಂತ್ರವು ತಾನಾಗಿ ತಿದ್ದಕೂಡದು. ಬಸಪ್ಪಾ ಎಂದು ಬರೆದುಕೊಂಡ ಕುಲಕರ್ಣಿಯ ಕೈಬರಹವೂ ಒಂದು ಸಾಕ್ಷ್ಯ. ವ್ಯಾಜ್ಯ ಹುಟ್ಟಿದ ದಿನ ವಕೀಲರು ಮೊದಲು ಕೇಳುವುದು ಆ ಪುಟವನ್ನೇ.