ಕಂಸಾಳೆ ಒಂದು, ಮಿಕ್ಸಿಂಗ್ ಎರಡು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ದೇವರಗುಡ್ಡರು ಹಾಡುವ ಮಲೆ ಮಾದೇಶ್ವರನ, ಅಂದರೆ ಮಾದಪ್ಪನ ಕತೆಯೂ ನೀಲಗಾರರ ಮಂಟೇಸ್ವಾಮಿ ಕತೆಯೂ ಇರುಳಿಡೀ ಸಾಗುವಂಥವು. ಅವನ್ನು ಹಿಡಿದಿಡಲು ಹೊರಟ ಪ್ರತಿಯೊಂದು ಮಾಧ್ಯಮವೂ ಏನನ್ನಾದರೂ ಕೈಬಿಟ್ಟಿದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ಶುರುಮಾಡಿದ ಬಾನುಲಿಯ ಪರಂಪರೆ ಜನಪದಕ್ಕೆ ದಾರಿ ಕೊಟ್ಟರೂ ಕಾರ್ಯಕ್ರಮದ ಹೊತ್ತಿಗೆ ತಕ್ಕಂತೆ ಕತೆ ಕುಗ್ಗಬೇಕಾಯಿತು. ಪಿ.ಕೆ. ರಾಜಶೇಖರ 1973ರಲ್ಲಿ ಮಲೆಯ ಮಾದೇಶ್ವರ ಕಾವ್ಯವನ್ನು ಅಚ್ಚಿಗೆ ತಂದಾಗ ಪದಗಳು ಉಳಿದವು, ದನಿ ಹೊರಗುಳಿಯಿತು. ಕ್ಯಾಸೆಟ್ ದನಿಯನ್ನು ಮನೆಗೆ ತಂದಿತು. ಆದರೆ 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ 30 ನಿಮಿಷವಷ್ಟೇ. ಲೈವ್ ಪ್ರಸಾರ ಮತ್ತು ಪಾಡ್‌ಕಾಸ್ಟ್ ಬಂದ ಮೇಲೆ ಈ ಕಾಲಮಿತಿ ತೊಲಗಿದೆ. ಈಗಿನ ತೊಡಕು ಬೇರೆ: ಮೈದಾನಕ್ಕೆ, ಲೈವ್‌ಗೆ, ಪಾಡ್‌ಕಾಸ್ಟಿಗೆ ಮೂರಕ್ಕೂ ಒಂದೇ ಮಿಕ್ಸ್ ಸಾಕೆಂಬ ನಂಬಿಕೆ.

ಅದು ಸಾಲದೇಕೆ ಎಂಬುದಕ್ಕೆ ದೇವರಗುಡ್ಡರ ಕಂಸಾಳೆಯೇ ಸಾಕ್ಷಿ. ಕಂಚಿನ ಆ ತಾಳ ಮೈಕಿಲ್ಲದೆಯೂ ಮುಂದಿನ ಸಾಲುಗಳನ್ನು ಮುಟ್ಟುತ್ತದೆ. ಹಾಗಾಗಿ ಮೈಕ್‌ಸೆಟ್‌ನವರು ಅದರ ಫೇಡರ್ ಇಳಿಸಿ, ಹಾಡುಗಾರರ ದನಿ ಏರಿಸುತ್ತಾರೆ. ಎದುರು ಕೂತವರಿಗೆ ಅದು ಹದವಾಗಿಯೇ ಕೇಳುತ್ತದೆ. ಅದೇ ಔಟ್‌ಪುಟ್ಟಿನ ತಂತಿ ಲ್ಯಾಪ್‌ಟಾಪಿಗೆ ಹೋದರೆ, ದೂರದ ಕೇಳುಗನಿಗೆ ಬರಿಯ ಗಂಟಲು ಸಿಗುತ್ತದೆ; ತಾಳವೂ ಇಲ್ಲ, ಜನರ 'ಉಘೇ'ಯೂ ಇಲ್ಲ. ಫೇಡರಿಗೆ ಮುಂಚೆಯೇ ಸಿಗ್ನಲ್ ತೆಗೆಯುವ ಆಕ್ಸ್ ಮೂಲಕ ಲೈವ್‌ಗೆ ಪ್ರತ್ಯೇಕ ಮಿಕ್ಸ್ ಕಟ್ಟಿ, ಜನರ ಕಡೆಗೆ ಮುಖಮಾಡಿದ ಇನ್ನೊಂದು ಮೈಕ್ ಸೇರಿಸಿದರೆ ಇದು ಸರಿಹೋಗುತ್ತದೆ. ಪಾಡ್‌ಕಾಸ್ಟಿನ ಬೇಡಿಕೆ ಇದಕ್ಕೆ ತಿರುಗುಮುರುಗು. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳುವವನಿಗೆ ಕತೆಯ ಮಾತು ಬಿಡಿಬಿಡಿಯಾಗಿ ಕೇಳಬೇಕು, ಹಿಮ್ಮೇಳ ಹಿಂದೆ ನಿಲ್ಲಬೇಕು. ಮಾದಪ್ಪನ ಕತೆಯ ಭಾಗಗಳಾದ 'ಸಾಲು'ಗಳಲ್ಲಿ, ಸಂಕಮ್ಮನ ಸಾಲಿನಂಥ ಒಂದೊಂದೂ ಸಹಜವಾಗಿ ಒಂದು ಕಂತಾಗುತ್ತದೆ. ದನಿಯ ಮಟ್ಟದಲ್ಲೂ ಅಂತರವಿದೆ: ಆಪಲ್ ಪಾಡ್‌ಕಾಸ್ಟಿಗೆ ಮೈನಸ್ 16 ಎಲ್‌ಯುಎಫ್‌ಎಸ್ (ದನಿಯ ಗಟ್ಟಿತನದ ಅಳತೆ) ಆಸುಪಾಸು ಸೂಚಿಸುತ್ತದೆ, ಯೂಟ್ಯೂಬ್ ತನ್ನ ವಿಡಿಯೊಗಳನ್ನು ಮೈನಸ್ 14ರ ಸುಮಾರಿಗೆ ತಗ್ಗಿಸುತ್ತದೆ.

ಹಳ್ಳಿಯ ಮೇಳಕ್ಕೆ ಇಷ್ಟೆಲ್ಲ ದುಬಾರಿ ಎನ್ನುವವರಿದ್ದಾರೆ. ಆದರೆ ಬಾಡಿಗೆಗೆ ಬರುವ ಅನೇಕ ಸಣ್ಣ ಮಿಕ್ಸರುಗಳಲ್ಲೂ ಒಂದೆರಡು ಆಕ್ಸ್ ಇರುತ್ತವೆ. ಉಚಿತವಾಗಿ ಸಿಗುವ ಓಬಿಎಸ್ ತಂತ್ರಾಂಶವೇ ಆರು ಆಡಿಯೊ ಟ್ರ್ಯಾಕ್‌ಗಳನ್ನು ಬೇರೆಬೇರೆಯಾಗಿ ದಾಖಲಿಸಬಲ್ಲದು. ಕೊರತೆ ಇರುವುದು ಮಿಕ್ಸರಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಲೈವ್‌ನ ದನಿಯನ್ನಷ್ಟೇ ಆಲಿಸುವ ಒಬ್ಬರದು. ಹಾಡಿದ ಮೇಲೆ ಮಿಕ್ಸ್ ಮಾಡುವುದು ಜನಪದಕ್ಕೆ ಕೈಹಾಕಿದಂತೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದರ ಕಾಳಜಿ ನಿಜವೇ. ಆದರೆ ಮೈಕನ್ನು ಎಲ್ಲಿಡಬೇಕೆಂದು ತೀರ್ಮಾನಿಸಿದಾಗಲೇ ಆಯ್ಕೆ ನಡೆದುಹೋಗಿರುತ್ತದೆ, ಎಲ್ಲವನ್ನೂ ಎರಡೇ ಚಾನೆಲ್ಲಿಗೆ ಇಳಿಸುವುದೂ ಒಂದು ಆಯ್ಕೆಯೇ, ಅದನ್ನು ಮತ್ತೆ ಬಿಡಿಸುವುದು ಕಷ್ಟ. ತಂಬೂರಿ, ಗಗ್ಗರ, ದಮ್ಮಡಿ, ದನಿ ಒಂದೊಂದನ್ನೂ ಪ್ರತ್ಯೇಕ ಟ್ರ್ಯಾಕಿನಲ್ಲಿ ಇದ್ದಂತೆಯೇ ಕಾಪಿಟ್ಟರೆ, ಇಂದಿನ ಮಿಕ್ಸ್ ಒಪ್ಪದವರು ನಾಳೆ ಬೇರೆಯದನ್ನು ಮಾಡಬಹುದು.

ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ನೆಚ್ಚುವಂತಿಲ್ಲ. ಸ್ಥಳದಲ್ಲೇ ದಾಖಲಿಸಿಕೊಂಡಿದ್ದರೆ ಲೈವ್ ಕಡಿದುಹೋದ ರಾತ್ರಿಯಲ್ಲೂ ಮೆಮೊರಿ ಕಾರ್ಡಿನಲ್ಲಿ ಕತೆ ಪೂರ್ತಿ ಉಳಿಯುತ್ತದೆ. ಆದ್ದರಿಂದ ಜಾತ್ರಾ ಸಮಿತಿಗಳಾಗಲಿ ಅಕಾಡೆಮಿಗಳಾಗಲಿ ಧ್ವನಿವರ್ಧಕ ಗೊತ್ತುಮಾಡುವಾಗಲೇ ಲೈವ್‌ಗೆ ಬೇರೆ ಔಟ್‌ಪುಟ್, ದಾಖಲೆಗೆ ಬಿಡಿ ಟ್ರ್ಯಾಕುಗಳು ಎಂದು ಷರತ್ತು ಹಾಕಬೇಕು. ಆ ಟ್ರ್ಯಾಕುಗಳ ಒಂದು ಪ್ರತಿ ಹಾಡಿದ ಮೇಳಕ್ಕೂ ಸಲ್ಲಬೇಕು.