ಗಾಜಿನಮನೆಯಲ್ಲಿ ಗಾಜಲ್ಲ, ಕಬ್ಬಿಣ ನೋಡಿ

ಫ್ಲವರ್ ಶೋಗೆ ಹೋದಾಗ ಹೂವಿನ ಫೋಟೋ ಎಲ್ಲರೂ ತೆಗೀತೀವಿ. ಈ ಸಲ ಕತ್ತೆತ್ತಿ ಕಂಬ ನೋಡಿ.

ಲಾಲ್‌ಬಾಗ್ ಗಾಜಿನಮನೆಗೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು. ಆಗ ಪಕ್ಕದ ಬಸವನಗುಡಿ ಬಡಾವಣೆ ಇನ್ನೂ ಹುಟ್ಟೇ ಇರಲಿಲ್ಲ! ಎರಕದ ಕಬ್ಬಿಣದ ಭಾಗಗಳು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ಸಾರಸೆನ್ ಫೌಂಡ್ರಿಯಲ್ಲಿ ತಯಾರಾಗಿ, ಸಮುದ್ರ ದಾಟಿ ಬಂದವು. ಇಲ್ಲಿ ಜೋಡಿಸಿದರು, ಅಷ್ಟೆ. ಎರಕದ ಕಬ್ಬಿಣ ಮೇಲಿಂದ ಬೀಳೋ ಭಾರವನ್ನ ಚೆನ್ನಾಗಿ ತಡೆಯುತ್ತೆ. ಅದಕ್ಕೇ ದಪ್ಪ ಗೋಡೆ ಬೇಕಾಗಲಿಲ್ಲ, ಸಪೂರ ಕಂಬಗಳೇ ಸಾಕಾದವು. ಒಳಗೆಲ್ಲ ಬೆಳಕು.

ಆದ್ರೆ ನನಗೆ ಇನ್ನೂ ಇಷ್ಟ 1935ರ ಕಥೆ. ಗಾಜಿನಮನೆಯನ್ನ ವಿಸ್ತರಿಸಿದಾಗ ಲೋಹ ಬಂದದ್ದು ನಮ್ಮ ಭದ್ರಾವತಿಯಿಂದ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪುಗೊಂಡ ಆ ಕಾರ್ಖಾನೆಯಲ್ಲಿ 1923ರಿಂದ ಕಬ್ಬಿಣ ಕರಗ್ತಿತ್ತು. ಅದಿರು ಕೆಮ್ಮಣ್ಣುಗುಂಡಿಯದು, ಕುಲುಮೆಗೆ ಮಲೆನಾಡಿನ ಮರ ಸುಟ್ಟ ಇದ್ದಿಲು. (ಗಿಡಗಳಿಗೆ ಮನೆ ಕಟ್ಟೋಕೆ ಕಾಡು ಉರೀತು, ಇದೂ ನೆನಪಿರ್ಲಿ.) ಗ್ಲಾಸ್ಗೋದಿಂದ ತರಿಸಿಕೊಂಡಿದ್ದ ಮೈಸೂರು ಸಂಸ್ಥಾನ, 46 ವರ್ಷದಲ್ಲಿ ತಾನೇ ಮಾಡಿಕೊಳ್ಳೋ ಹಂತಕ್ಕೆ ಬಂದಿತ್ತು.

2023ರ ಜನವರಿಯಲ್ಲಿ ಅದೇ ಕಾರ್ಖಾನೆ ಮುಚ್ಚೋ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು. ಆಗಸ್ಟ್‌ನಲ್ಲಿ ಒಂದು ಭಾಗ ಮಾತ್ರ ಮತ್ತೆ ಶುರುವಾಯ್ತು.

ಮುಂದಿನ ಪೋಸ್ಟ್: ಚಾಮರಾಜಪೇಟೆ ಹಳೇ ಮನೆಗಳ ಕಿಟಕಿ ಸರಳುಗಳು.